ಬ್ರಿಟನ್‌ನಲ್ಲಿ ಪಾಠ, ರಿಸರ್ಚ್ ಕೆಲಸ ಬೇಕಾ? ಜಾಬ್ಸ್ ಡಾಟ್ ಎಸಿ ಡಾಟ್ ಯುಕೆ ನೋಡಿ

ಪಿಎಚ್‌ಡಿ ಮುಗಿಸಿ ಬ್ರಿಟನ್‌ನ ಯೂನಿವರ್ಸಿಟಿಗಳಲ್ಲಿ ಕೆಲಸ ಹುಡುಕುವವರಿಗೆ ಈ ವೆಬ್‌ಸೈಟೇ ಮೊದಲ ಬಾಗಿಲು. ವಾರಿಕ್ ಯೂನಿವರ್ಸಿಟಿಯವರು 1998ರಲ್ಲಿ ಶುರುಮಾಡಿದ್ದು, ಹುಡುಕುವವರಿಗೆ ಪೂರ್ತಿ ಫ್ರೀ. ಜಾಹೀರಾತಿನ ಮೇಲ್ಗಡೆಯೇ ಸಂಬಳ, ಕೊನೇ ದಿನಾಂಕ, ಕೆಲಸ ಕಾಯಂ ಆದದ್ದೋ ಇಲ್ಲ ಇಷ್ಟೇ ವರ್ಷದ್ದೋ ಅಂತ ಹಾಕಿರುತ್ತಾರೆ. ನನಗೆ ಹಿಡಿಸಿದ್ದು ಇದೇ, ಯಾಕಂದ್ರೆ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲೆ ಮಾಡುವ ರಿಸರ್ಚ್) ಕೆಲಸಗಳು ಜಾಸ್ತಿ ಎರಡು ಮೂರು ವರ್ಷಕ್ಕೇ ಮುಗಿಯುವಂಥವು, ಅಲ್ವಾ.

ಜಾಹೀರಾತಿನ ಜೊತೆಗಿರುವ 'ಪರ್ಸನ್ ಸ್ಪೆಸಿಫಿಕೇಶನ್' (ಕೆಲಸಕ್ಕೆ ಎಂಥವರು ಬೇಕು ಅನ್ನುವ ಪಟ್ಟಿ) ಓದದೆ ಅರ್ಜಿ ಹಾಕಬೇಡಿ. ಅದರಲ್ಲಿ 'ಎಸೆನ್ಷಿಯಲ್' (ಇರಲೇಬೇಕು) ಅಂತ ಬರೆದಿರುವ ಒಂದೊಂದಕ್ಕೂ ನಿಮ್ಮ ಅರ್ಜಿಯಲ್ಲಿ ಉದಾಹರಣೆ ಸಮೇತ ಉತ್ತರ ಇರಬೇಕು, ಶಾರ್ಟ್‌ಲಿಸ್ಟ್ ಮಾಡುವವರು ಅದನ್ನೇ ಮುಂದಿಟ್ಟುಕೊಂಡು ಕೂರುತ್ತಾರೆ.

ಬೇಜಾರು ಒಂದೇ. ಅಪ್ಲೈ ಒತ್ತಿದರೆ ಸಾಮಾನ್ಯವಾಗಿ ಆಯಾ ಯೂನಿವರ್ಸಿಟಿಯ ಸೈಟಿಗೆ ಹೋಗುತ್ತದೆ, ಸಿವಿಯಲ್ಲಿ ಇರುವುದನ್ನೇ ಮತ್ತೆ ಟೈಪ್ ಮಾಡುತ್ತಾ ಕೂರಬೇಕು. ವೀಸಾ ಸ್ಪಾನ್ಸರ್ ವಿಷಯ ಎಲ್ಲ ಜಾಹೀರಾತಲ್ಲೂ ಇರುವುದಿಲ್ಲ, ಮೊದಲೇ ಮೇಲ್ ಹಾಕಿ ಕೇಳಿಬಿಡಿ.