ನಾಯಿಯ ತುರಿಕೆ ಎಲ್ಲಾ ಅಲರ್ಜಿ ಅಲ್ಲ

ಶಿಟ್ಜು, ಪಗ್, ಪಾಮೇರಿಯನ್ ಥರದ ಸಣ್ಣ ನಾಯಿ ಸಾಕಿರುವವರಿಗೆ ಒಂದು ಮಾತು. ನಾಯಿ ಬಿಡದೆ ಕೆರೆದುಕೊಳ್ಳುತ್ತಿದೆ ಅಂತ ಕರೆದುಕೊಂಡು ಹೋದಾಗ, ಚರ್ಮವನ್ನು ಮುಟ್ಟಿಯೂ ನೋಡದೆ ಯಾರಾದರೂ "ಅಲರ್ಜಿ" ಅಂತ ಸಿರಿಂಜ್ ಎತ್ತಿಕೊಂಡರೆ ತಡೆಯಿರಿ. ಯಾವ ಇಂಜೆಕ್ಷನ್, ಯಾತಕ್ಕೆ ಅಂತ ಕೇಳಿ.

ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ನಮ್ಮ ಶಿಟ್ಜು ಗುಂಡನಿಗೆ ಹಾಕುತ್ತಿದ್ದದ್ದು ಸ್ಟೀರಾಯ್ಡ್. ಚೀಟಿಯಲ್ಲಿ "ಆಂಟಿ ಅಲರ್ಜಿ" ಅಂತಷ್ಟೇ ಇತ್ತು. ಹಾಕಿದ ಮಾರನೇ ದಿನ ತುರಿಕೆ ಮಾಯ. ಸ್ವಲ್ಪ ದಿನ ಕಳೆದರೆ ಮೊದಲಿಗಿಂತ ಜಾಸ್ತಿ. ಮತ್ತೆ ಇಂಜೆಕ್ಷನ್. ಈ ನಡುವೆ ಅವನು ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದ್ದ, ಮನೆ ತುಂಬಾ ಉಚ್ಚೆ, ಎಷ್ಟು ತಿಂದರೂ ಹಸಿವು. ಇವೆಲ್ಲ ಸ್ಟೀರಾಯ್ಡ್‌ನ ಅಡ್ಡಪರಿಣಾಮ. ಕೇಳಿದರೆ "ಬೇಸಿಗೆ ಅಲ್ವಾ ಸಾರ್" ಅಂದರು.

ಆಮೇಲೆ ದುಬಾರಿ ರಕ್ತ ಪರೀಕ್ಷೆ. ಕೋಳಿ, ಮೊಟ್ಟೆ, ಅಕ್ಕಿ, ಮನೆ ಧೂಳಿನ ನುಸಿ ಎಲ್ಲಾ ಪಾಸಿಟಿವ್! ಅವರದೇ ಕೌಂಟರ್‌ನಲ್ಲಿ ಮಾರುವ ಫುಡ್ ಚೀಲ ನಮ್ಮ ಕೈಗೆ ಬಂತು. ಊಟದ ಅಲರ್ಜಿಯನ್ನು ರಕ್ತ ಪರೀಕ್ಷೆಯಿಂದ ನಂಬುವ ಹಾಗೆ ಹೇಳಲು ಆಗುವುದಿಲ್ಲ. ಅದಕ್ಕೆ ಇರುವ ದಾರಿ ಒಂದೇ. ಕನಿಷ್ಠ 8 ವಾರ ನಾಯಿ ಹಿಂದೆಂದೂ ತಿನ್ನದ ಆಹಾರ ಅಥವಾ ಡಾಕ್ಟರು ಬರೆದುಕೊಟ್ಟ ವಿಶೇಷ ಫುಡ್ ಮಾತ್ರ ಕೊಡಬೇಕು. ಬಿಸ್ಕತ್ತಿನ ಚೂರು ಕೂಡ ಇಲ್ಲ. ತುರಿಕೆ ಇಳಿದ ಮೇಲೆ ಹಳೇ ಊಟ ಹಾಕಿ, ಮತ್ತೆ ಬರುತ್ತಾ ನೋಡಬೇಕು.

ಅಷ್ಟರಲ್ಲಿ ನಮ್ಮ ಅತ್ತೆಯವರ ಮುಂಗೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆ ಎದ್ದವು. ಗುಂಡ ಮಲಗುವುದೇ ಅವರ ಮಡಿಲಲ್ಲಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಆಕೆ ಮೊದಲು ಕೇಳಿದ್ದೇ, "ಮನೆಯಲ್ಲಿ ಯಾರಿಗಾದರೂ ಕೆರೆತ ಇದೆಯಾ?" ಗುಂಡನ ಕಿವಿಯ ಅಂಚನ್ನು ಮಡಚಿ ಬೆರಳಲ್ಲಿ ಉಜ್ಜಿದರು. ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯತೊಡಗಿತು, ಅದು ಕಜ್ಜಿಯ ಒಂದು ಸುಳಿವು. ಮೊಣಕೈ ಹತ್ತಿರದ ಹಕ್ಕಳೆಯನ್ನು ಬ್ಲೇಡಿನಿಂದ ಕೆರೆದು ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಸಾರ್ಕಾಪ್ಟಿಸ್ ನುಸಿ, ಅಂದರೆ ಕಜ್ಜಿ! ಅಪಾರ್ಟ್‌ಮೆಂಟ್ ನಾಯಿಗೆ ಕಜ್ಜಿ ಎಲ್ಲಿಂದ ಬರುತ್ತೆ ಅಂತ ಯಾರೂ ಆ ಕಡೆ ಯೋಚಿಸಿರಲೇ ಇಲ್ಲ. ಈ ನುಸಿ ಇದ್ದರೆ ಧೂಳಿನ ನುಸಿಯ ಪರೀಕ್ಷೆಯೂ ಸುಳ್ಳು ಪಾಸಿಟಿವ್ ಬರಬಹುದಂತೆ.

ನುಸಿ ಕೊಲ್ಲುವ ಫ್ಲೂರಲಾನರ್ ಮಾತ್ರೆಯನ್ನು ತೂಕಕ್ಕೆ ತಕ್ಕ ಹಾಗೆ ಕೊಟ್ಟರು, ಗುಂಡ ಹೊರಳಾಡುವ ಬಟ್ಟೆಗಳನ್ನೆಲ್ಲ ಬಿಸಿನೀರಲ್ಲಿ ಒಗೆಯಲು ಹೇಳಿದರು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದಕ್ಕೂ ಔಷಧಿ ಬೇಕು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಈ ಮಾತ್ರೆಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ನಾಯಿಯ ಈ ನುಸಿ ಮನುಷ್ಯರ ಮೈಮೇಲೆ ಸಂತಾನ ಬೆಳೆಸುವುದಿಲ್ಲ. ಗುಂಡ ಸುಧಾರಿಸುತ್ತಿದ್ದ ಹಾಗೆ ಅತ್ತೆಯವರ ಗುಳ್ಳೆಗಳೂ ಹೋದವು.

ಒಂದು ಸಲ ಚರ್ಮ ಕೆರೆದು ನೋಡಿದಾಗ ಏನೂ ಕಾಣಲಿಲ್ಲ ಅಂದರೆ ನುಸಿ ಇಲ್ಲ ಅಂತ ಅಲ್ಲ. ಅನುಮಾನ ಬಲವಾಗಿದ್ದರೆ ಚಿಕಿತ್ಸೆ ಕೊಟ್ಟು ನೋಡುವುದು ಸರಿಯಾದ ಕ್ರಮವೇ. ಚಿಗಟ ಇದೆಯಾ ಅಂತ ನೋಡುವುದು ಇನ್ನೂ ಸುಲಭ. ಹೇನಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಇವನ್ನೆಲ್ಲ ನೋಡದೆ ನೇರ ಅಲರ್ಜಿಗೆ ಹಾರಿದ್ದೇ ನನಗೆ ಇನ್ನೂ ಸಿಟ್ಟು ತರಿಸುವುದು. ಸ್ಟೀರಾಯ್ಡ್ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಬೇಕಾದ ಕಡೆ ಬೇಕು. ಬಹಳ ದಿನದಿಂದ ಮಾತ್ರೆ ಕೊಡುತ್ತಿದ್ದರೆ ಸುಮ್ನೆ ದಿಢೀರನೆ ನಿಲ್ಲಿಸಬೇಡಿ, ಅದೂ ಅಪಾಯ.

ಕಜ್ಜಿಗೆ ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚಿ ಅನ್ನುವವರು ಸಿಗುತ್ತಾರೆ. ನಾಯಿ ಅದನ್ನು ನೆಕ್ಕುತ್ತದೆ, ವಿಷವಾಗುತ್ತದೆ. ಹಸುವಿಗೆ ಹುಳು, ನುಸಿ ಹೋಗಲು ಹಾಕುವ ಐವರ್‌ಮೆಕ್ಟಿನ್ ಔಷಧಿಯನ್ನು ಅಂದಾಜಿನಲ್ಲಿ ಹಾಕಿಸುವುದೂ ಬೇಡ. ಸಣ್ಣ ನಾಯಿಗೆ ಡೋಸ್ ಮೀರಲು ಎಷ್ಟು ಹೊತ್ತು?

ಹಾಕಿದ ಪ್ರತಿ ಇಂಜೆಕ್ಷನ್‌ನ ಹೆಸರು, ಡೋಸ್ ಬರೆಸಿಕೊಳ್ಳಿ. ಮುಂದಿನ ಡಾಕ್ಟರಿಗೆ ಅದು ಬೇಕೇ ಬೇಕು. ಗುಂಡನ ಫೈಲ್ ಕೇಳಿದಾಗ ಹಳೇ ಕ್ಲಿನಿಕ್‌ನವರು "ಸಿಸ್ಟಮ್ ಡೌನ್ ಇದೆ, ನಾಳೆ ಫೋನ್ ಮಾಡಿ" ಅನ್ನುತ್ತಲೇ ಇದ್ದರು. ಎದುರಿಗೆ ಹೋಗಿ ಕೂತ ಮೇಲಷ್ಟೇ ಕೊಟ್ಟರು.