ಮೂಲೆಗೆ ಬಿದ್ದ ಮೋರ್ಗನ್ ಔಟ್ ಐಲ್ಯಾಂಡ್ 41: ಕೊಳ್ಳುವುದೋ, ಕೈಮುಗಿದು ಬರುವುದೋ?

ಫ್ಲಾರಿಡಾದ ಹಳೆ ಮರೀನಾಗಳ, ಅಂದರೆ ಖಾಸಗಿ ದೋಣಿ ಕಟ್ಟುವ ಬಂದರುಗಳ ತುದಿಯಲ್ಲಿ, ಯಾರೂ ಹೆಚ್ಚಾಗಿ ನಡೆದುಹೋಗದ ಕಡೆ, ಮೋರ್ಗನ್ ಔಟ್ ಐಲ್ಯಾಂಡ್ 41 ಎಂಬ ಈ ಹಾಯಿದೋಣಿ ಸಿಗುವುದು ಹೊಸತೇನಲ್ಲ. ಅಗಲ ಹೊಟ್ಟೆ, ನಡುವೆ ಚುಕ್ಕಾಣಿ ಹಿಡಿದು ಕೂರುವ ಎತ್ತರದ ಕಾಕ್‌ಪಿಟ್, ಬಿಸಿಲಿಗೆ ಚಿಂದಿಯಾದ ಹಾಯಿ ಹೊದಿಕೆ, ನೀರಿನ ಗೆರೆಯ ಕೆಳಗೆ ಗೇಣುದ್ದ ಪಾಚಿ. ಬೆಲೆ ಕೇಳಿದರೆ ಹಳೆಯ ಕಾರಿನಷ್ಟು. ಎರಡು ಮಲಗುವ ಕೋಣೆ, ಎರಡು ಶೌಚಾಲಯ, ನೇರ ನಿಂತು ಓಡಾಡುವಷ್ಟು ಎತ್ತರದ ಒಳಾಂಗಣ ಇಷ್ಟಕ್ಕೆ ಸಿಗುತ್ತದೆಯೇ ಎಂದು ಆಸೆ ಹುಟ್ಟುವುದು ಸಹಜ. ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಬಾರದು ಎನ್ನುತ್ತೇವಲ್ಲ, ಇಲ್ಲಿ ಆನೆಯೇ ಅಗ್ಗ, ಅಂಕುಶ ದುಬಾರಿ.

ದೋಣಿಯ ಕುಲಗೋತ್ರ ಚೆನ್ನಾಗಿದೆ. ವಿನ್ಯಾಸ ಚಾರ್ಲಿ ಮೋರ್ಗನ್ ಅವರದು. 1970ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದ ಆಯ್ಕೆಗೆ 'ಹೆರಿಟೇಜ್' ಎಂಬ ರೇಸಿನ ದೋಣಿ ಕಟ್ಟಿ ತಾವೇ ನಡೆಸಿದವರು. ರೇಸಿನ ಗುಂಗಿನಲ್ಲಿದ್ದವರು 1970ರ ದಶಕದ ಆರಂಭದಲ್ಲಿ ರೇಸಿಗೆ ಬೆನ್ನು ಹಾಕಿ ವಾಸಕ್ಕೂ ಬಾಡಿಗೆಗೂ ಒಗ್ಗುವ ಈ ದೋಣಿ ಮಾಡಿದರು. ಉದ್ದ 41 ಅಡಿ 3 ಅಂಗುಲ, ಅಗಲ 13 ಅಡಿ 10 ಅಂಗುಲ, ತೂಕ ಸುಮಾರು 27,000 ಪೌಂಡ್, ಅಂದರೆ 12 ಟನ್‌ಗಿಂತ ತುಸು ಹೆಚ್ಚು. ನೀರಿನೊಳಗೆ ಇಳಿಯುವುದು 4 ಅಡಿ 2 ಅಂಗುಲ ಮಾತ್ರ. ಬಹಾಮಾಸಿನ ಆಳವಿಲ್ಲದ ಮರಳು ನೀರಿಗೆ ಹೇಳಿ ಮಾಡಿಸಿದಂತಿದೆ. ಕೆರಿಬಿಯನ್ನಿನ ಬಾಡಿಗೆ ಕಂಪನಿಗಳು ಇದನ್ನು ಗುಂಪುಗುಂಪಾಗಿ ಕೊಂಡವು. 1984ರಲ್ಲಿ ಮೋರ್ಗನ್ ಕಂಪನಿ ಕ್ಯಾಟಲಿನಾ ಕೈಸೇರಿತು.

ಇದರ ಓಟದ ಬಗ್ಗೆ ಮುಲಾಜಿಲ್ಲದೆ ಹೇಳಬೇಕು: ಎದುರುಗಾಳಿಗೆ ಇದು ಹಟಮಾರಿ ಎಮ್ಮೆ. ತಳದಿಂದ ನೀರಿಗಿಳಿದ ಬೆನ್ನೆಲುಬಿನಂಥ ಕೀಲ್ ಉದ್ದ, ಆದರೆ ಆಳವಿಲ್ಲ. ಮೇಲ್ಭಾಗಕ್ಕೆ ಗಾಳಿ ಹೊಡೆಯುವ ಮೈ ಬಹಳ. ಹಾಗಾಗಿ ಗಾಳಿಯ ದಿಕ್ಕಿಗೆ ಹತ್ತಿರವಾಗಿ ಏರಲು ಹೋದರೆ ಮುಂದೆ ಹೋದಷ್ಟೇ ಪಕ್ಕಕ್ಕೂ ಜಾರುತ್ತದೆ. ಇದರ ಮಾಲೀಕರು ಅಂಥ ಹೊತ್ತಲ್ಲಿ ಎಂಜಿನ್ ಹಾಕಿಬಿಡುತ್ತಾರೆ. ಹೀಗಾಗಿ ಈ ದೋಣಿಯಲ್ಲಿ ಎಂಜಿನ್ ತುರ್ತಿಗೆಂದು ಇಟ್ಟುಕೊಂಡ ಸಾಮಾನಲ್ಲ, ಅರ್ಧ ದೋಣಿಯೇ ಅದು. ಕೊಳ್ಳುವ ಲೆಕ್ಕಕ್ಕೆ ಈ ಮಾತು ಮುಖ್ಯ. ಇನ್ನೊಂದು ವಿಷಯ: ಮೊದಲ ವರ್ಷಗಳ ದೋಣಿಗಳಲ್ಲಿ ಹಿಂದಿನ ಕೋಣೆಗೆ ಹೋಗಲು ಕಾಕ್‌ಪಿಟ್ ಹತ್ತಿ ಇಳಿಯಬೇಕು. ನಂತರದವುಗಳಲ್ಲಿ ಒಳಗಿನಿಂದಲೇ ದಾರಿ ಇದೆ. ಮಳೆಯ ರಾತ್ರಿ ಈ ವ್ಯತ್ಯಾಸ ಗೊತ್ತಾಗುತ್ತದೆ.

ಒಡಲು ಗಟ್ಟಿ ಫೈಬರ್‌ಗ್ಲಾಸ್, ಒಳಗೆ ತಿರುಳಿಲ್ಲ. ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಭಾರವನ್ನು ಕೀಲ್‌ನ ಫೈಬರ್ ಹೊಟ್ಟೆಯೊಳಗೇ ತುಂಬಿ ಮುಚ್ಚಿದ್ದಾರೆ. ಆದ್ದರಿಂದ ಕೀಲನ್ನು ಒಡಲಿಗೆ ಬಿಗಿಯುವ ಬೋಲ್ಟ್ ಕೊಳೆಯುವ ಚಿಂತೆ ಇಲ್ಲ. ಚಿಂತೆ ಬೇರೆ ಥರದ್ದು. ನೆಲಕ್ಕೆ ತಾಗಿ ಕೀಲ್‌ನ ತಳ ಸೀಳಿದ್ದರೆ ನೀರು ಒಳಸೇರಿ ಅಲ್ಲೇ ಕೂರುತ್ತದೆ. ದೋಣಿಯನ್ನು ಮೇಲೆತ್ತಿದ ಮರುದಿನ ತಳವನ್ನು ನೋಡಿ. ಉಳಿದ ಮೈ ಒಣಗಿರುವಾಗ ಒಂದೇ ಕಡೆ ಒಸರುತ್ತಿದ್ದರೆ, ಅಥವಾ ಸುತ್ತಿಗೆಯ ಹಿಡಿಯಿಂದ ಬಡಿದಾಗ ಅಲ್ಲಿ ಪೊಳ್ಳು ಸದ್ದು ಬಂದರೆ, ಆ ಭಾಗ ಕತ್ತರಿಸಿ ಒಣಗಿಸಿ ಮತ್ತೆ ಕಟ್ಟುವ ಕೆಲಸ ಕಾದಿದೆ ಎಂದರ್ಥ. ಚುಕ್ಕಾಣಿಯ ಕೆಳ ಅಂಚಿನಿಂದ ಕಂದು ನೀರು ತೊಟ್ಟಿಕ್ಕುವುದೂ ಹೀಗೆಯೇ ಕೆಟ್ಟ ಲಕ್ಷಣ. ಒಳಗಿನ ಲೋಹದ ಪಟ್ಟಿಗಳು ತುಕ್ಕು ಹಿಡಿಯುತ್ತಿವೆ. ನೀರಿನಡಿಯ ಮೈಮೇಲೆ ಗುಳ್ಳೆ ಎದ್ದಿದ್ದರೆ ಹೆದರಬೇಕಿಲ್ಲ. ಆ ಕಾಲದ ಪಾಲಿಯೆಸ್ಟರ್ ರಾಳದ ಸಹಜ ರೋಗ ಅದು. ಬೆರಳ ತುದಿಯಷ್ಟಿರುವ ಗುಳ್ಳೆಗಳಿಂದ ದೋಣಿ ಮುಳುಗುವುದಿಲ್ಲ. ಮಾರುವವನ ಜತೆ ಚೌಕಾಸಿಗೆ ಮಾತ್ರ ಒಳ್ಳೆಯ ಆಧಾರ.

ನಿರ್ಧಾರ ಆಗುವುದು ಡೆಕ್ ಮೇಲೆ. ಡೆಕ್ ಎಂದರೆ ದೋಣಿಯ ಮೇಲ್ಹಾಸು: ಎರಡು ತೆಳು ಫೈಬರ್ ಪದರ, ನಡುವೆ ಮರದ ತಿರುಳು. ಕಂಬಿ, ಕಿಟಕಿ, ಹಗ್ಗದ ಕೊಂಡಿ ಕೂರಿಸಲು ಕೊರೆದ ಪ್ರತಿ ತೂತಿನ ಸುತ್ತಲ ಅಂಟು ಹತ್ತಿಪ್ಪತ್ತು ವರ್ಷಕ್ಕೆ ಒಣಗಿ ಬಿರಿಯುತ್ತದೆ. ಅಲ್ಲಿಂದ ಮಳೆನೀರು ಇಳಿದು ತಿರುಳು ಕೊಳೆಯುತ್ತದೆ. ಕರಾವಳಿಯ ಮರದ ಮಂಜಿಯಲ್ಲಿ ಹಲಗೆ ಕೊಳೆತರೆ ಬೆರಳೊತ್ತಿದರೆ ಗೊತ್ತಾಗುತ್ತದೆ. ಫೈಬರ್ ಹಾಗಲ್ಲ, ಹೊರಗೆ ನಗುತ್ತಲೇ ಇರುತ್ತದೆ. ಮೊದಲು ಬರಿಗಾಲಲ್ಲಿ ಇಡೀ ಡೆಕ್ ನಡೆದು ನೋಡಿ. ಹಿಮ್ಮಡಿಗೆ ಮೆತ್ತಗೆ ಸಿಕ್ಕರೆ ಅಲ್ಲಿ ತಿರುಳು ಹೋಗಿದೆ. ನಂತರ ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗೈ ಅಂತರಕ್ಕೊಂದರಂತೆ ಬಡಿಯುತ್ತಾ ಹೋಗಿ. ಒಳ್ಳೆಯ ಜಾಗ 'ಟಕ್' ಎನ್ನುತ್ತದೆ, ಸತ್ತ ಜಾಗ ಒದ್ದೆ ಗೋಣಿಚೀಲದಂತೆ 'ದಬ್' ಎನ್ನುತ್ತದೆ. ಸದ್ದು ಬದಲಾದ ಗೆರೆಯುದ್ದಕ್ಕೂ ಪೇಂಟರ್ ಟೇಪ್ ಅಂಟಿಸಿ, ಕೊನೆಗೆ ಎತ್ತರದಿಂದ ಒಂದು ಫೋಟೊ ತೆಗೆಯಿರಿ. ತೇವ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಆದರೆ ಮಳೆ ಬಂದ ದಿನವೂ, ಕೆಳಗೆ ಲೋಹ ಇರುವ ಕಡೆಯೂ ಅದು ಸುಳ್ಳು ಹೇಳುತ್ತದೆ.

ಟೇಪ್ ಒಳಗಿನ ಜಾಗ ಒಂದೆರಡು ಚದರ ಅಡಿ ಆಗಿದ್ದರೆ ಸ್ವತಃ ಮಾಡಿಕೊಳ್ಳಬಹುದು. ಮೇಲಿನ ಪದರವನ್ನಷ್ಟೇ ಕತ್ತರಿಸುವಂತೆ ಗರಗಸದ ಆಳ ಕಟ್ಟಬೇಕು. ಪದರ ಎಬ್ಬಿಸಿ, ಕೊಳೆತದ್ದನ್ನು ಕೆರೆದು, ವಾರಗಟ್ಟಲೆ ಒಣಗಿಸಿ, ಗಟ್ಟಿಯಾಗಿ ಕಲಸಿದ ಎಪಾಕ್ಸಿ ರಾಳದಲ್ಲಿ ಹೊಸ ತಿರುಳು ಕೂರಿಸಬೇಕು. ಆಮೇಲೆ ಮೇಲೆ ಫೈಬರ್ ಬಟ್ಟೆ ಹಾಸಿ ಮಟ್ಟ ಮಾಡಿ ಬಣ್ಣ ಬಳಿಯುವುದು. ಸಣ್ಣ ತೂತು ಕೊರೆದು ಎಪಾಕ್ಸಿ ಚುಚ್ಚುವ ಅಡ್ಡದಾರಿ ಒದ್ದೆ ಮರಕ್ಕೆ ನಡೆಯುವುದಿಲ್ಲ, ನೀರು ತುಂಬಿದ ಮರ ರಾಳವನ್ನು ಕುಡಿಯದು. ಅಂಥ ಚುಚ್ಚಿದ ಗುರುತುಗಳು ಸಾಲುಸಾಲಾಗಿ ಕಂಡರೆ ಹಿಂದಿನ ಮಾಲೀಕ ರೋಗ ಮುಚ್ಚಿದ್ದಾನೆ ಎಂದು ತಿಳಿಯಿರಿ. ಡೆಕ್‌ನ ಮೂರರಲ್ಲೊಂದು ಭಾಗ ಟೇಪ್ ಒಳಗೆ ಬಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಕೂವೆಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಒಡಲಿಗೆ ಕಟ್ಟುವ ಸ್ಟೇನ್‌ಲೆಸ್ ಪಟ್ಟಿಗಳೇ ಚೈನ್‌ಪ್ಲೇಟ್. ಕಂಬ ಬೀಳುವುದಕ್ಕೆ ಕಾರಣ ಬಹಳ ಸಲ ಇವೇ. ಸ್ಟೇನ್‌ಲೆಸ್ ತುಕ್ಕು ಹಿಡಿಯದಿರಲು ಆಮ್ಲಜನಕ ಬೇಕು. ಡೆಕ್ ದಾಟುವ ಕಡೆ ಅಂಟಿನ ಒಳಗೆ ಗಾಳಿಯಿಲ್ಲದ ಉಪ್ಪುನೀರು ನಿಂತು ಲೋಹಕ್ಕೆ ಸೂಕ್ಷ್ಮ ಬಿರುಕು ಕಟ್ಟುತ್ತದೆ. ಹೊರಗೆ ಕಾಣುವ ಎರಡು ಅಂಗುಲ ಕನ್ನಡಿಯಂತೆ ಹೊಳೆಯುತ್ತಿದ್ದರೂ ಅದನ್ನು ನಂಬಬಾರದು. ಒಳಗಿನ ಮರದ ಕೆಲಸದ ಮೇಲೆ ಕಪ್ಪು ಕಲೆ, ಪಟ್ಟಿಯ ಕೆಳಗೆ ಕಂದು ಗೆರೆ ಹುಡುಕಿ. ಮಾರುವವರ ಒಪ್ಪಿಗೆ ಪಡೆದು ಅತಿ ಕೆಟ್ಟದಾಗಿ ಕಾಣುವ ಒಂದನ್ನು ಹೊರತೆಗೆಸಿ. ಕೆಂಪು ಬಣ್ಣ ಹಚ್ಚಿ ಒರೆಸಿ ಬಿಳಿ ಪುಡಿ ಸಿಂಪಡಿಸುವ ಡೈ ಪರೀಕ್ಷೆ ಮಾಡಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ದಾರದಂತೆ ಮೂಡುತ್ತದೆ. ಒಂದು ಕೆಟ್ಟಿದ್ದರೆ ಎಲ್ಲವೂ ಕೆಟ್ಟಿವೆ ಎಂದೇ ಲೆಕ್ಕ ಹಾಕಿ. ತಂತಿಗಳ ಮಟ್ಟಿಗೆ ತುದಿಗೆ ಒತ್ತಿ ಬಿಗಿದ ಲೋಹದ ಕೊಳವೆಯನ್ನು ಭೂತಗನ್ನಡಿಯಲ್ಲಿ ನೋಡಿ, ಟಿಶ್ಯೂ ಕಾಗದ ಸವರಿ ನೋಡಿ. ಎಳೆ ಮುರಿದ ಕಡೆ ಕಾಗದ ಸಿಕ್ಕಿಕೊಳ್ಳುತ್ತದೆ. ಕೊನೆಯ ಸಲ ಬದಲಿಸಿದ ರಸೀದಿ ಇಲ್ಲದಿದ್ದರೆ, ಅಥವಾ 15 ವರ್ಷ ದಾಟಿದ್ದರೆ, ಹೊಸದರ ಖರ್ಚನ್ನು ಬೆಲೆಯಿಂದ ಕಳೆಯಿರಿ. ಕಂಬದ ಎತ್ತರವನ್ನೂ ಇದೇ ಹೊತ್ತಲ್ಲಿ ಅಳೆದುಬಿಡಿ. ಕರಾವಳಿಗುಂಟ ಸಾಗುವ ಒಳನಾಡ ಜಲಮಾರ್ಗದ ಸ್ಥಿರ ಸೇತುವೆಗಳು ಸಾಮಾನ್ಯವಾಗಿ ಅಡಿಯಲ್ಲಿ ದಾಟಲು 65 ಅಡಿ ಎತ್ತರ ಬಿಟ್ಟಿವೆ, ಮಯಾಮಿಯ ಜೂಲಿಯಾ ಟಟಲ್ ಸೇತುವೆ ಮಾತ್ರ 56 ಅಡಿ.

ಈಗ ಎಂಜಿನ್. ಹಳೆಯ ದೋಣಿಗಳಲ್ಲಿ ಹೆಚ್ಚಾಗಿ ಸಿಗುವುದು ಪರ್ಕಿನ್ಸ್ 4-154. ನಾಲ್ಕು ಸಿಲಿಂಡರ್, 154 ಘನ ಅಂಗುಲ, 62 ಅಶ್ವಶಕ್ತಿ. ಜೋಪಾನ ಮಾಡಿದರೆ ಜನ್ಮಪೂರ್ತಿ ದುಡಿಯುವ ಜಾತಿ. ನೋಡಲು ಹೋಗುವ ಮುಂಚೆ 'ನಾನು ಬರುವವರೆಗೆ ಚಾಲೂ ಮಾಡಬೇಡಿ' ಎಂದು ಹೇಳಿ. ಹೋದಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಬೆಳಗಿನ ಕಷ್ಟವನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಆಯಿಲ್ ಕಡ್ಡಿ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಚಾಲೂ ಆದಮೇಲೆ ಅರ್ಧ ನಿಮಿಷದೊಳಗೆ ಹೊಗೆ ಕೊಳವೆಯಿಂದ ನೀರು ಚಿಮ್ಮಬೇಕು. ಬಿಳಿ ಹೊಗೆ ಬಿಸಿಯಾದಂತೆ ಕರಗಿದರೆ ಸರಿ, ಕರಗದಿದ್ದರೆ ಇಂಜೆಕ್ಟರ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಕೈ ತೋರಿಸುತ್ತದೆ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಕಪ್ಪು ಎಂದರೆ ಭಾರ ಹೆಚ್ಚು ಅಥವಾ ಗಾಳಿ ಸಾಲದು. ಪ್ರೊಪೆಲ್ಲರ್‌ಗೆ ಕಪ್ಪೆಚಿಪ್ಪು ಮೆತ್ತಿಕೊಂಡಿದ್ದರೂ ಕಪ್ಪು ಹೊಗೆ ಬರುತ್ತದೆ. ದಡದಲ್ಲಿ ಗುರುಗುಟ್ಟಿಸಿದರೆ ಏನೂ ತಿಳಿಯದು. ನೀರಿಗಿಳಿದು ಅರ್ಧ ಗಂಟೆ ಮುಕ್ಕಾಲು ವೇಗದಲ್ಲಿ ಓಡಿಸಿ ತಾಪಮಾನದ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ನೋಡಬೇಕು.

ವರ್ಷಗಟ್ಟಲೆ ನಿಂತ ಎಂಜಿನ್ ಆದರೆ ಸ್ಟಾರ್ಟರ್ ಮುಟ್ಟಬೇಡಿ. ಎಕ್ಸಾಸ್ಟ್ ಮೂಲಕ ಉಪ್ಪುನೀರು ಹಿಂದಕ್ಕೆ ಬಂದು ಸಿಲಿಂಡರಿನಲ್ಲಿ ನಿಂತಿರಬಹುದು. ಮುಂದಿನ ಪುಲ್ಲಿಯ ನಟ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಲ್ಲಿ ತಿರುಗಿಸಿ. ತಿರುಗಿದರೆ ಆಸೆ ಇದೆ. ತಿರುಗದಿದ್ದರೆ ಎಂಜಿನ್ ಬೆಲೆ ಸೊನ್ನೆ ಮಾತ್ರವಲ್ಲ, ಸೊನ್ನೆಗಿಂತ ಕಡಿಮೆ. ಅದನ್ನು ಹೊರತೆಗೆಯುವ ಕೂಲಿಯೂ ನಿಮ್ಮದೇ.

ನೀರಿನಡಿಯ ತೂತುಗಳಿಗೆ ಕೂರಿಸಿದ ಸೀಕಾಕ್ ಎಂಬ ವಾಲ್ವ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಆದರೆ ದೋಣಿ ನೀರಿನಿಂದ ಮೇಲೆತ್ತಿರುವಾಗ. ನೀರಿನಲ್ಲಿರುವಾಗ ಬಲ ಹಾಕಿ ಒಂದನ್ನು ಮುರಿದರೆ ಕೊಳ್ಳುವ ಮುಂಚೆಯೇ ಮುಳುಗಿಸಿದ ಕೀರ್ತಿ ನಿಮಗೆ ಬರುತ್ತದೆ. ಮನೆಯ ನಲ್ಲಿಯಂಥ ಗುಂಡು ಹಿಡಿಯ ಹಿತ್ತಾಳೆ ಗೇಟ್ ವಾಲ್ವ್ ಕಂಡರೆ ಬದಲಿಸಲೇಬೇಕು. ಕೆರೆದಾಗ ಲೋಹ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಸತುವು ಕರಗಿ ಹೋಗಿ ಬರೀ ತಾಮ್ರದ ಜರಡಿ ಉಳಿದಿದೆ. ದೋಣಿಯೊಳಗಿನ ತಳದ ಗುಂಡಿ, ಬಿಲ್ಜ್‌ನಲ್ಲಿ ನೀರಿದ್ದರೆ ಎಣ್ಣೆಯಿಲ್ಲದ ಕಡೆ ಒಂದು ಹನಿ ನಾಲಿಗೆ ತುದಿಗೆ ಹಚ್ಚಿ ಉಗಿಯಿರಿ. ಉಪ್ಪಾದರೆ ಕೆಳಗಿನಿಂದ ಬಂದದ್ದು, ಸಪ್ಪೆಯಾದರೆ ಮೇಲಿನಿಂದ ಸೋರಿದ್ದು ಅಥವಾ ಕುಡಿಯುವ ನೀರಿನ ಟ್ಯಾಂಕಿನದು.

ವೈರಿಂಗ್, ಪಂಪು, ಫ್ರಿಜ್, ಹಾಯಿ, ಮೆತ್ತೆ ಎಲ್ಲವೂ ಹೋಗಿವೆ ಎಂದುಕೊಂಡೇ ಹೊರಡಿ. ಚೆನ್ನಾಗಿದ್ದದ್ದು ಸಿಕ್ಕರೆ ಲಾಭ.

ಈಗ ಲೆಕ್ಕಕ್ಕೆ ಬರೋಣ. ಕೆಲಸವನ್ನು ಹೊರಗೆ ಕೊಟ್ಟರೆ ಹೊಸ ಎಂಜಿನ್ ಕೂರಿಸಲು 25,000 ಡಾಲರ್‌ನಿಂದ ಮೇಲೆ, ಕಂಬದ ತಂತಿಗಳಿಗೆ 10,000ದಿಂದ ಮೇಲೆ ಎಂದು ಇಟ್ಟುಕೊಳ್ಳಿ. ಸುಸ್ಥಿತಿಯಲ್ಲಿರುವ ಇದೇ ದೋಣಿಯ ಮೂರು ನಾಲ್ಕು ಜಾಹೀರಾತು ನೋಡಿ ಬೆಲೆ ಬರೆದುಕೊಂಡು, ನಿಮ್ಮ ದುರಸ್ತಿ ಪಟ್ಟಿಯನ್ನು ಅದರಿಂದ ಕಳೆಯಿರಿ. ಮೈನಸ್ ಬಂದರೆ ಮಾರುವವನೇ ನಿಮಗೆ ಹಣ ಕೊಡಬೇಕಾದ ದೋಣಿ ಅದು. ಡೆಕ್ ಒಣಗಿದ್ದು ಎಂಜಿನ್ ಓಡುತ್ತಿದ್ದರೆ ಉಳಿದ ಎಲ್ಲ ಕೊಳಕಿನ ನಡುವೆಯೂ ಈ ದೋಣಿ ಕೊಳ್ಳಬಹುದು. ಎರಡರಲ್ಲಿ ಒಂದು ಮಾತ್ರ ಸರಿಯಿದ್ದರೆ, ಕೈಕೆಲಸ ಬಲ್ಲ, ಎರಡು ವರ್ಷ ಬಿಡುವಿರುವ ಮನುಷ್ಯ ಮಾತ್ರ ಕೊಳ್ಳಬಹುದು. ಎರಡೂ ಕೆಟ್ಟಿದ್ದರೆ ಹೆಚ್ಚು ಹಣ ಕೊಟ್ಟು ಚೆನ್ನಾಗಿರುವುದನ್ನು ಕೊಳ್ಳುವುದೇ ಅಗ್ಗ. ಮಾಲೀಕರಿಗೆ ಸ್ವಂತ ಕೆಲಸ ಮಾಡಲು ಬಿಡದ ದೋಣಿ ದುರಸ್ತಿಯ ಯಾರ್ಡುಗಳು ಫ್ಲಾರಿಡಾದಲ್ಲಿ ಬಹಳ ಇವೆ. ಅದನ್ನು ಮೊದಲೇ ಕೇಳಿಕೊಳ್ಳಿ.

ವಿಮೆ ಕಂಪನಿಗೂ ಮುಂಚೆಯೇ ಫೋನ್ ಮಾಡಿ. ಇಷ್ಟು ಹಳೆಯ ದೋಣಿಗೆ ಅವರು ನೀರಿನಿಂದ ಎತ್ತಿ ಮಾಡಿದ ಸರ್ವೆ, ಅಂದರೆ ತಜ್ಞರ ತಪಾಸಣೆ ಕೇಳುತ್ತಾರೆ, ಮರೀನಾದವರು ವಿಮೆ ಇಲ್ಲದೆ ಜಾಗ ಕೊಡುವುದಿಲ್ಲ. ಸರ್ವೇಯರ್ ಅನ್ನು ನೀವೇ ಆರಿಸಿ, ಮಾರುವವರು ಅಥವಾ ದಲ್ಲಾಳಿ ಹೇಳಿದವರನ್ನಲ್ಲ. ದೋಣಿ ಸರ್ವೇಯರ್‌ಗಳ ಸ್ಯಾಮ್ಸ್ ಅಥವಾ ನ್ಯಾಮ್ಸ್ ಸಂಘದ ಮಾನ್ಯತೆ ಇರಲಿ. 2022ರ ಇಯಾನ್ ಚಂಡಮಾರುತದ ಹೊತ್ತಲ್ಲಿ ದೋಣಿ ಎಲ್ಲಿತ್ತು ಎಂದೂ ಕೇಳಿ. ಫೋರ್ಟ್ ಮೈಯರ್ಸ್ ಕಡೆ ಇತ್ತು ಎಂದರೆ ಡೆಕ್ ಮತ್ತು ಒಡಲು ಸೇರುವ ಅಂಚನ್ನು ಇಡೀ ಸುತ್ತು ಬೆರಳಾಡಿಸಿ ನೋಡಬೇಕು.

ಅಮೆರಿಕದಲ್ಲಿರುವ ನಮ್ಮವರು ಗಮನಿಸಬೇಕಾದ್ದು ಒಂದಿದೆ. ಕೋಸ್ಟ್ ಗಾರ್ಡ್‌ನ ಫೆಡರಲ್ ದಾಖಲಾತಿ ಅಮೆರಿಕದ ಪೌರರಿಗೆ ಮಾತ್ರ. ಎಚ್-1ಬಿ ಅಥವಾ ಗ್ರೀನ್ ಕಾರ್ಡ್ ಇದ್ದವರು ಆ ದಾಖಲಾತಿಯಿಂದ ದೋಣಿಯನ್ನು ತೆಗೆಸಿ ರಾಜ್ಯದ ಟೈಟಲ್, ಅಂದರೆ ಮಾಲೀಕತ್ವದ ಪತ್ರ ಮಾಡಿಸಬೇಕು. ಫ್ಲಾರಿಡಾದಲ್ಲಿ ಅದು ಕೌಂಟಿ ಟ್ಯಾಕ್ಸ್ ಕಲೆಕ್ಟರ್ ಕಚೇರಿಯಲ್ಲಿ ಆಗುತ್ತದೆ, 6 ಶೇಕಡ ಮಾರಾಟ ತೆರಿಗೆಯೂ ಬೀಳುತ್ತದೆ. ದಾಖಲಾದ ದೋಣಿಯಾದರೆ ಕೋಸ್ಟ್ ಗಾರ್ಡ್‌ನಿಂದ ಟೈಟಲ್ ಇತಿಹಾಸದ ಪ್ರತಿ ತರಿಸಿ. ದೋಣಿಯ ಮೇಲಿನ ಸಾಲ, ಯಾರ್ಡಿನ ಬಾಕಿ ಮಾಲೀಕನ ಜತೆ ಹೋಗುವುದಿಲ್ಲ, ದೋಣಿಯ ಜತೆಗೇ ಬರುತ್ತವೆ. ಹಿಂಬದಿ ಬಲ ಮೂಲೆಯ 12 ಅಕ್ಷರಗಳ ಒಡಲು ಸಂಖ್ಯೆ ಕಾಗದದ ಸಂಖ್ಯೆಗೆ ಹೊಂದಬೇಕು. 1972ರ ನವೆಂಬರಿಗೆ ಮುಂಚಿನ ದೋಣಿಗೆ ಅದು ಇಲ್ಲದಿರಬಹುದು. ಹೆಸರು ನಿಮ್ಮದಾದ ಮೇಲೆ ದೋಣಿ ಮುಳುಗಿದರೆ, ಕೈಬಿಟ್ಟು ಹೋದರೆ, ತೆಗೆಸುವ ಖರ್ಚು ನಿಮ್ಮ ತಲೆಗೇ. ಫ್ಲಾರಿಡಾದಲ್ಲಿ ಅದು ಅಪರಾಧವೂ ಹೌದು. ಹಾಗಾಗಿ ಮರೀನಾದ ಬಾಡಿಗೆ ಬಾಕಿ ಇಲ್ಲ ಎಂಬ ಪತ್ರ ಕೈಗೆ ಬರುವ ತನಕ ಮಾರಾಟ ಪತ್ರಕ್ಕೆ ಸಹಿ ಹಾಕಬೇಡಿ.