ಸಿಂಗಪುರದ ಮೂರು ಕೇರಿಗಳಲ್ಲಿ ಎರಡೆರಡು ರಾತ್ರಿ: ಎಲ್ಲಿ ಇಳಿದುಕೊಂಡರೆ ಚೆಂದ?

ರಾಯಚೂರಿಗೆ ವಾಪಸ್ ಬಂದ ಮರುದಿನವೇ ಪಕ್ಕದ ಮನೆಯ ಅಕ್ಕ ಕೇಳಿದರು, "ಸಿಂಗಪುರದಾಗ ಎಲ್ಲಿ ಇಳಕೊಂಡಿದ್ರಿ? ಊಟಕ್ಕ ಏನ್ ಮಾಡಿದ್ರಿ?" ಮುಂದಿನ ವರ್ಷ ಅವರು ಅತ್ತೆಯನ್ನು ಕರೆದುಕೊಂಡು ಹೊರಟಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು, ಅವ್ವ, ತಮ್ಮ ಹೈದರಾಬಾದಿನಿಂದ ವಿಮಾನ ಹತ್ತಿದ್ದೆವು. ಆರು ರಾತ್ರಿ ಇದ್ದೆವು. ಲಿಟಲ್ ಇಂಡಿಯಾ, ಚೈನಾಟೌನ್, ಮಲಯ ಮುಸ್ಲಿಮರ ಹಳೆಯ ಕೇರಿಯಾದ ಕಂಪೋಂಗ್ ಗ್ಲಾಮ್, ಮೂರರಲ್ಲೂ ಎರಡೆರಡು ರಾತ್ರಿ. ಬೇಕಂತಲೇ ಹೀಗೆ ಹಂಚಿಕೊಂಡಿದ್ದು. ಮತ್ತೆ ಹೋದರೆ ನಾನು ಚೈನಾಟೌನ್‌ನಲ್ಲೇ ಇಳಿಯುತ್ತೇನೆ.

ಲಿಟಲ್ ಇಂಡಿಯಾದಲ್ಲಿ ಊಟದ ಚಿಂತೆ ಇಲ್ಲ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಇದೆ. ಅಲ್ಲಿ ಅವ್ವ ದೋಸೆ ತಿಂದು ನೆಮ್ಮದಿಯಾದರು. ಟೆಕ್ಕಾ ಮಾರ್ಕೆಟ್‌ನಲ್ಲಿ ಬಾಳೆ ಎಲೆ, ಕರಿಬೇವು, ಮಲ್ಲಿಗೆ ಮಾಲೆ ಎಲ್ಲವೂ ಸಿಗುತ್ತವೆ. ಪಕ್ಕದ ಬೀದಿಯ ಹೆಸರು ಬಫೆಲೊ ರೋಡ್, ಅದರ ಆಚೆ ಕೆರ್ಬಾವ್ ರೋಡ್. ಮಲಯ ಭಾಷೆಯಲ್ಲಿ ಕೆರ್ಬಾವ್ ಅಂದರೂ ಎಮ್ಮೆಯೇ! ಒಂದು ಕಾಲಕ್ಕೆ ಇದು ದನದ ವ್ಯಾಪಾರದ ಜಾಗವಾಗಿತ್ತು. ಭಾನುವಾರ ರಜೆ ಸಿಕ್ಕ ಕೂಲಿ ಕೆಲಸಗಾರರು ತಂಡ ತಂಡವಾಗಿ ಇಲ್ಲಿಗೆ ಬರುತ್ತಾರೆ. ತಮಿಳುನಾಡಿನವರು, ಬಾಂಗ್ಲಾದೇಶದವರು ಜಾಸ್ತಿ. ತೆಲಂಗಾಣದ ಒಬ್ಬ ಹುಡುಗ ಸಿಕ್ಕಿದ. ಅವ್ವ ಅವನ ಜೊತೆ ತೆಲುಗಿನಲ್ಲಿ ಅರ್ಧ ಗಂಟೆ ಮಾತಾಡಿದರು. ಮನೆ ಬಿಟ್ಟು ಎರಡು ವರ್ಷವಾಯಿತಂತೆ. ಅವನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ಆದರೆ ನಮಗೆ ಸಿಕ್ಕ ರೂಮಿಗೆ ಕಿಟಕಿಯೇ ಇರಲಿಲ್ಲ. ಕಡಿಮೆ ದರದ ಹೋಟೆಲುಗಳಲ್ಲಿ ಇದು ಅಲ್ಲಿ ಮಾಮೂಲು. ಬುಕ್ ಮಾಡುವಾಗ ಕಿಟಕಿ ಇದೆಯಾ ಅಂತ ನೋಡಿಕೊಳ್ಳಿ. ಎರಡು ದಿನ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗಲಿಲ್ಲ.

ಅಲ್ಲಿಂದ ನೇರಳೆ ಬಣ್ಣದ ಮೆಟ್ರೊ ಲೈನಿನಲ್ಲಿ ಮೂರನೇ ಸ್ಟೇಷನ್ನೇ ಚೈನಾಟೌನ್. ಹೊರಗೆ ಬಂದು ಸೌತ್ ಬ್ರಿಡ್ಜ್ ರಸ್ತೆಗೆ ತಿರುಗಿದರೆ ಎದುರಿಗೆ ನಮ್ಮ ಮಾರೆಮ್ಮನ ಗುಡಿ, ಬಣ್ಣಬಣ್ಣದ ಗೋಪುರ! "ಚೀನಾದವರ ಕೇರಿಯಾಗ ಮಾರೆಮ್ಮ ಹೆಂಗ ಬಂದಳು?" ಅಂದರು ಅವ್ವ. ಶ್ರೀ ಮಾರಿಯಮ್ಮನ್ ಗುಡಿ 1827ರದ್ದು, ಸಿಂಗಪುರದ ಎಲ್ಲಕ್ಕಿಂತ ಹಳೆಯ ಹಿಂದೂ ದೇವಸ್ಥಾನ. ಆಗ ದಕ್ಷಿಣ ಭಾರತದಿಂದ ಹೋದವರೂ ಇದೇ ಸುತ್ತಮುತ್ತ ನೆಲೆಸಿದ್ದರು. ದೀಪಾವಳಿಗೆ ಮುಂಚೆ ಇಲ್ಲಿ ಕೆಂಡ ಹಾಯುತ್ತಾರೆ. ಅದೇ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹಸಿರು ಬಣ್ಣದ ಜಾಮೆ ಮಸೀದಿ. ಅದನ್ನೂ ಕಟ್ಟಿಸಿದ್ದು ತಮಿಳು ಕರಾವಳಿಯಿಂದ ಹೋದ ಚೂಲಿಯಾ ಮುಸ್ಲಿಮರು. ಮಾರೆಮ್ಮನ ಗುಡಿಯಿಂದ ಇನ್ನೊಂದು ದಿಕ್ಕಿಗೆ ಸ್ವಲ್ಪ ನಡೆದರೆ 2007ರಲ್ಲಿ ತೆರೆದ ಬುದ್ಧನ ದಂತದ ಮಂದಿರ. ಅದರ ನೆಲಮಾಳಿಗೆಯಲ್ಲಿ ಸಸ್ಯಾಹಾರಿ ಊಟ ಸಿಗುತ್ತದೆ. ಬೌದ್ಧರ ಆ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಸೋಯಾದಿಂದ ಮಾಡಿದ ಒಂದು ತುಂಡು ಮಾಂಸದ ಹಾಗೇ ಕಾಣುತ್ತಿತ್ತು. ಅವ್ವ ಅದನ್ನು ಪಕ್ಕಕ್ಕಿಟ್ಟು ಬರೀ ಅನ್ನ, ಸೊಪ್ಪು ಉಂಡರು. ಊಟದ ಲೆಕ್ಕದಲ್ಲಿ ಲಿಟಲ್ ಇಂಡಿಯಾವೇ ಮೇಲು, ಒಪ್ಪುತ್ತೇನೆ.

ಆದರೆ ಮರುದಿನ ಬೆಳಿಗ್ಗೆ ತೆಲೋಕ್ ಆಯರ್ ಬೀದಿಗೆ ನಡೆದು ಹೋದಾಗ ನನ್ನ ಮನಸ್ಸು ಗಟ್ಟಿಯಾಯಿತು. ಈಗ ಸುತ್ತ ಎತ್ತರದ ಆಫೀಸುಗಳಿವೆ. ಸಮುದ್ರಕ್ಕೆ ಮಣ್ಣು ತುಂಬುವ ಮೊದಲು ಇದೇ ದಂಡೆಯಾಗಿತ್ತು. ಹಡಗು ಇಳಿದವರು ಮೊದಲು ಇಲ್ಲಿ ಕೈಮುಗಿಯುತ್ತಿದ್ದರು. ಚೀನಾದವರು ತಮ್ಮ ಕಡಲ ದೇವತೆ ಮಾಝುಗೆ ಥಿಯಾನ್ ಹಾಕ್ ಕೆಂಗ್ ಗುಡಿ ಕಟ್ಟಿದರು. ಅದೇ ಬೀದಿಯಲ್ಲಿ ತಮಿಳು ಮುಸ್ಲಿಮರು ತಮ್ಮ ನಾಗೂರಿನ ಸಂತರ ನೆನಪಿಗೆ ದರ್ಗಾ ಕಟ್ಟಿದರು. ಎರಡು ಧರ್ಮ, ಆದರೆ ಕಡಲು ದಾಟಿ ಬಂದ ಜೀವದ ಹರಕೆ ಒಂದೇ. ಅವ್ವ ಅಲ್ಲಿ ನಿಂತು ಮುದಗಲ್ಲಿನ ಮೊಹರಂ ನೆನೆಸಿಕೊಂಡರು. ನಮ್ಮ ಮನೆಯವರೂ ಅಲಾಯಿ ದೇವರಿಗೆ ಹರಕೆ ಹೊತ್ತವರೇ. ಎರಡು ಸಾವಿರ ಮೈಲಿ ದೂರ ಅನ್ನಿಸಲಿಲ್ಲ, ನಮ್ಮದೇ ಜಿಲ್ಲೆಯ ಇನ್ನೊಂದು ಊರು ಅನ್ನಿಸಿತು.

ಕಂಪೋಂಗ್ ಗ್ಲಾಮ್ ಬಗ್ಗೆ ಹೇಳುವುದು ಕಡಿಮೆ. ಹಗಲು ಬರೀ ಅಂಗಡಿ, ಫೋಟೊ ತೆಗೆಯುವವರ ಗುಂಪು. ಉಳಿಯಬೇಕಾದ ಜಾಗ ಅಲ್ಲ, ಸಂಜೆ ಹೋಗಬೇಕಾದ ಜಾಗ. ದೀಪ ಹತ್ತಿದಾಗ ಸುಲ್ತಾನ್ ಮಸೀದಿಯ ಚಿನ್ನದ ಬಣ್ಣದ ಗುಮ್ಮಟ ನೋಡಿ. ಗುಮ್ಮಟದ ಬುಡದಲ್ಲಿ ಕಪ್ಪು ಪಟ್ಟಿ ಕಾಣುತ್ತದಲ್ವಾ, ಅದು ಗಾಜಿನ ಬಾಟಲಿಗಳ ತಳ. ಈಗಿನ ಮಸೀದಿ ಕಟ್ಟುವಾಗ ದುಡ್ಡು ಕೊಡಲಾಗದ ಬಡವರೂ ಪಾಲು ಕೊಡಲಿ ಅಂತ ಬಾಟಲಿ ತೆಗೆದುಕೊಂಡರಂತೆ. ಅದನ್ನು ಕೇಳಿ ತಮ್ಮ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದ.

ನಡೆಯುವುದಕ್ಕೆ ಮೂರೂ ಕಡೆ ಅನುಕೂಲ ಇದೆ. ಹಳೆಯ ಅಂಗಡಿಸಾಲಿನ ಮುಂದೆ ಐದಡಿ ಅಗಲದ ನೆರಳಿನ ಜಗಲಿ ಇರುತ್ತದೆ. 1822ರ ಊರಿನ ನಕ್ಷೆಯಲ್ಲೇ ಅದನ್ನು ಹಾಕಿದ್ದರು. ಬಿಸಿಲು 32 ಡಿಗ್ರಿ ಮಾತ್ರ, ಆದರೆ ಬೆವರು ಆರುವುದೇ ಇಲ್ಲ. ರಾಯಚೂರಿನ 42 ಡಿಗ್ರಿಯ ಒಣ ಬಿಸಿಲಿಗಿಂತ ಅವ್ವ ಅಲ್ಲೇ ಜಾಸ್ತಿ ಸುಸ್ತಾದರು.

ಅಕ್ಕನಿಗೆ ಹೇಳಿದ್ದು ಇಷ್ಟೇ. ಅತ್ತೆಯವರಿಗೆ ಊಟ ಒಗ್ಗುವವರೆಗೆ ಮೊದಲ ರಾತ್ರಿ ಲಿಟಲ್ ಇಂಡಿಯಾದಲ್ಲಿ ಇರಿ, ಆಮೇಲೆ ಚೈನಾಟೌನ್‌ಗೆ ಬಂದುಬಿಡಿ. ಚೀಲದಲ್ಲಿ ಒಂದಿಷ್ಟು ರೊಟ್ಟಿ, ಶೇಂಗಾ ಪುಡಿ ಇರಲಿ. ಮೆಟ್ರೊ ಒಳಗೆ ಮಾತ್ರ ಬಿಚ್ಚಬೇಡಿ, ಅಲ್ಲಿ ತಿಂದರೆ 500 ಡಾಲರ್‌ವರೆಗೆ ದಂಡ ಹಾಕುತ್ತಾರೆ.